ಪಟ್ಟಕ್ಕೂ ಮೊದಲೇ ಸಂತರು: ಸಭೆಯ ಜನ ಸಂತರಾಗಿ ಬಾಳುವುದು ಎಂದರೇನು?

2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೊ ಅವರು ಕಾರ್ಲೊ ಅಕುಟಿಸ್ ಎಂಬ ಹುಡುಗನನ್ನು ಸಂತನೆಂದು ಘೋಷಿಸಿದರು. ಅವನು ಹುಟ್ಟಿದ್ದು 1991ರಲ್ಲಿ. 2006ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಹೋದಾಗ ವಯಸ್ಸು ಬರೀ 15. ಕಂಪ್ಯೂಟರ್ ಅವನಿಗೆ ಬಹಳ ಇಷ್ಟ. ಪರಮಪ್ರಸಾದಕ್ಕೆ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ, ಸಂಬಂಧಿಸಿದ ಅದ್ಭುತಗಳ ಬಗ್ಗೆ ಒಂದು ವೆಬ್‌ಸೈಟನ್ನೇ ಮಾಡಿದ್ದ. ಇಟಲಿಯ ಅಸ್ಸಿಸಿಯಲ್ಲಿರುವ ಅವನ ಸಮಾಧಿಯಲ್ಲಿ ಗಾಜಿನ ಆಚೆ ಕಾಣುವುದು ಜೀನ್ಸ್ ಪ್ಯಾಂಟು, ಕಾಲಲ್ಲಿ ಸ್ಪೋರ್ಟ್ಸ್ ಶೂ.

ಸಂತ ಎಂದರೆ ಸಂಸಾರ ಬಿಟ್ಟವರು, ಉಪವಾಸ ಮಾಡಿದವರು, ತಲೆಯ ಸುತ್ತ ಬೆಳಕಿನ ಬಳೆ ಇರುವವರು ಎಂದುಕೊಂಡವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಇಷ್ಟು ಮಾಮೂಲಿ ಹುಡುಗ ಸಂತನಾಗಬಹುದಾ?

ಆದರೆ ಬೈಬಲ್ಲಿನ ಹೊಸ ಒಡಂಬಡಿಕೆ ತೆರೆದು ನೋಡಿದರೆ ಇನ್ನೂ ದೊಡ್ಡ ಆಶ್ಚರ್ಯ ಕಾದಿರುತ್ತದೆ. ಅಲ್ಲಿ ಈ ಹೆಸರು ಆಯ್ದ ಕೆಲವರಿಗೆ ಮಾತ್ರ ಇಟ್ಟದ್ದಲ್ಲ. ಸಭೆಗೆ, ಅಂದರೆ ಕ್ರೈಸ್ತ ವಿಶ್ವಾಸಿಗಳ ಸಮುದಾಯಕ್ಕೆ, ಸೇರಿದ ಎಲ್ಲರಿಗೂ ಇಟ್ಟದ್ದು. ಅದೂ ಅವರು ಬದುಕಿರುವಾಗಲೇ. ಮೊದಲ ಶತಮಾನದಲ್ಲಿ ಊರೂರು ತಿರುಗಿ ಯೇಸುವಿನ ಬಗ್ಗೆ ಸಾರಿದ ಪೌಲನು ರೋಮಾಪುರ, ಎಫೆಸ, ಫಿಲಿಪ್ಪಿ ಎಂಬ ಪಟ್ಟಣಗಳ ಸಭೆಗಳಿಗೆ ಪತ್ರ ಬರೆದಾಗ ಶುರುವಿನಲ್ಲೇ ಅಲ್ಲಿಯ ವಿಶ್ವಾಸಿಗಳನ್ನು ಹೀಗೆ ಕರೆಯುತ್ತಾನೆ. ಹಾಗಾದರೆ ಒಬ್ಬ ಸಾಮಾನ್ಯ ಕ್ರೈಸ್ತ ವಿಶ್ವಾಸಿ, ಮನೆ ಮತ್ತು ಕೆಲಸ ಮತ್ತು ಸಾಲದ ಕಂತುಗಳ ನಡುವೆ ಇರುವವರು, ‘ಸಂತರಾಗಿ ಬಾಳುವುದು’ ಎಂದರೆ ಏನು? ಬುಡದಿಂದ ನೋಡೋಣ.

ಪದದ ಬೇರು

ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿರುವ ಪದ ‘ಹಾಗಿಯೋಸ್’. ಅದರ ಹಿಂದೆ ಹಳೆಯ ಒಡಂಬಡಿಕೆಯ ಹೀಬ್ರೂ ಪದ ‘ಕಾದೋಶ್’ ಇದೆ. ಎರಡನ್ನೂ ಕನ್ನಡದಲ್ಲಿ ಸಾಮಾನ್ಯವಾಗಿ ‘ಪರಿಶುದ್ಧ’ ಅಥವಾ ‘ಪವಿತ್ರ’ ಎನ್ನುತ್ತೇವೆ. ಈ ಪದಗಳ ಒಳಗಿರುವ ಮುಖ್ಯ ಅರ್ಥ, ಬೇರೆಯಾಗಿ ಇಟ್ಟದ್ದು. ದೇವರಿಗಾಗಿ ಎತ್ತಿಟ್ಟದ್ದು.

ಮನೆಯಲ್ಲಿ ಒಂದು ಪಾತ್ರೆಯನ್ನು ಕುಡಿಯುವ ನೀರಿಗೆಂದೇ ಇಟ್ಟಿರುತ್ತೇವೆ ಎಂದುಕೊಳ್ಳಿ. ಅದರ ಲೋಹ ಬೇರೆ ಪಾತ್ರೆಗಳದ್ದೇ, ಒಂದೇ ಅಂಗಡಿಯಿಂದ ತಂದದ್ದೇ. ಆದರೂ ಅದರಲ್ಲಿ ಯಾರೂ ಕೈ ಅದ್ದುವುದಿಲ್ಲ, ಬಟ್ಟೆ ನೆನೆಹಾಕುವುದಿಲ್ಲ. ಯಾತಕ್ಕಾಗಿ ಇಟ್ಟಿದ್ದೇವೆ ಎಂಬುದೇ ಅದನ್ನು ಬೇರೆ ಮಾಡಿತು. ಮೊದಲು ಎತ್ತಿಟ್ಟೆವು, ಆಮೇಲೆ ಚೊಕ್ಕಟವಾಗಿ ನೋಡಿಕೊಳ್ಳುತ್ತೇವೆ. ಈ ಕ್ರಮವನ್ನು ನೆನಪಿಡಿ, ಮುಂದೆ ಇದು ಪದೇ ಪದೇ ಬರುತ್ತದೆ.

ಕನ್ನಡ ಬೈಬಲ್ ಅನುವಾದಕರು ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಪೌಲನ ಪತ್ರಗಳಲ್ಲಿ ಈ ಪದ ವಿಶ್ವಾಸಿಗಳನ್ನು ಕುರಿತು ಬಂದಾಗ ‘ದೇವಜನರು’ ಎಂದು ಬರೆದಿದ್ದಾರೆ. ನನಗೆ ಇದು ‘ಸಂತರು’ ಎಂಬುದಕ್ಕಿಂತ ಹತ್ತಿರದ ಪದ ಎನಿಸುತ್ತದೆ. ‘ಸಂತ’ ಎಂದ ಕೂಡಲೇ ಒಬ್ಬ ವ್ಯಕ್ತಿ ಕಣ್ಮುಂದೆ ಬರುತ್ತಾರೆ. ‘ದೇವಜನ’ ಎಂದರೆ ಒಂದು ಗುಂಪು ಕಾಣುತ್ತದೆ. ಗ್ರೀಕ್ ಮೂಲದಲ್ಲೂ ವಿಶ್ವಾಸಿಗಳ ಹೆಸರಾಗಿ ಈ ಪದ ಬರುವುದು ಹೆಚ್ಚು ಕಡಿಮೆ ಯಾವಾಗಲೂ ಬಹುವಚನದಲ್ಲೇ.

ತೂಕದ ಕಲ್ಲೂ ಪರಿಶುದ್ಧತೆಯೇ

‘ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು’ ಎಂದು ದೇವರು ಇಸ್ರಾಯೇಲ್ಯರಿಗೆ ಹೇಳುವ ಮಾತು ಹಳೆಯ ಒಡಂಬಡಿಕೆಯ ಯಾಜಕಕಾಂಡ ಎಂಬ ಪುಸ್ತಕದ 19ನೇ ಅಧ್ಯಾಯದಲ್ಲಿದೆ. ಬಹಳ ಜನ ಈ ಒಂದು ಸಾಲನ್ನು ಕೇಳಿರುತ್ತಾರೆ. ಅದರ ಕೆಳಗೆ ಏನಿದೆ ಎಂದು ಓದಿದವರು ಕಡಿಮೆ. ಆ ಅಧ್ಯಾಯ ಪೂರ್ತಿ ಓದಲೇಬೇಕು.

ಬೆಳೆ ಕೊಯ್ಯುವಾಗ ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಬಡವರಿಗೂ ಪರದೇಶಿಗಳಿಗೂ ಬಿಡಿ ಎಂದಿದೆ. ಕೂಲಿಯವನ ಸಂಬಳವನ್ನು ಬೆಳಗಿನ ತನಕ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ ಎಂದಿದೆ. ಕಿವುಡರನ್ನು ಶಪಿಸಬೇಡಿ, ಕುರುಡರ ಕಾಲಿಗೆ ಎಡವುವಂಥದ್ದನ್ನು ಅಡ್ಡ ಇಡಬೇಡಿ. ತಲೆ ನೆರೆತವರ ಮುಂದೆ ಎದ್ದು ನಿಲ್ಲಿ. ತಕ್ಕಡಿ, ತೂಕದ ಕಲ್ಲು, ಅಳತೆಯ ಪಾತ್ರೆ ನ್ಯಾಯವಾಗಿರಲಿ. ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂದು ಯೇಸು ಮುಂದೆ ಎತ್ತಿ ಹೇಳಿದ ಮಾತೂ ಇದೇ ಅಧ್ಯಾಯದ್ದು.

ಇಸ್ರಾಯೇಲ್ಯರು ದೇವರನ್ನು ಆರಾಧಿಸುತ್ತಿದ್ದ ಗುಡಾರದ ನಿಯಮಗಳೂ ಅದೇ ಪುಸ್ತಕದಲ್ಲಿವೆ, ನಿಜ. ಆದರೆ ಪರಿಶುದ್ಧರಾಗಿರಿ ಎಂಬ ಮಾತಿನ ಬೆನ್ನಿಗೇ ಕೂಲಿ, ತಕ್ಕಡಿ, ಹೊಲದ ಅಂಚು ಬಂದಿರುವುದನ್ನು ಗಮನಿಸಬೇಕು. ಕೆಲಸದವನಿಗೆ ಸಂಜೆಗೆ ದುಡ್ಡು ಕೈಗೆ ಸಿಕ್ಕಿತಾ ಇಲ್ಲವಾ ಎಂಬುದನ್ನು ಇಲ್ಲಿ ಪ್ರಾರ್ಥನೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಲಾಗಿದೆ. ಪೇತ್ರನ ಮೊದಲ ಪತ್ರ ಇದೇ ಮಾತನ್ನು ಎತ್ತಿಕೊಂಡು ಕ್ರೈಸ್ತ ವಿಶ್ವಾಸಿಗಳಿಗೆ ಹೇಳುತ್ತದೆ: ನಿಮ್ಮ ಎಲ್ಲಾ ನಡತೆಯಲ್ಲೂ ಪರಿಶುದ್ಧರಾಗಿರಿ.

ಕೊರಿಂಥದ ಜಗಳಗಂಟರು

ಈಗ ಎಲ್ಲಕ್ಕಿಂತ ಕಷ್ಟದ ಜಾಗಕ್ಕೆ ಬಂದೆವು. ಗ್ರೀಸಿನ ಕೊರಿಂಥ ಒಂದು ಬಂದರು ಪಟ್ಟಣ. ಅಲ್ಲಿಯ ಸಭೆಗೆ ಪೌಲನು ಕ್ರಿ.ಶ. 50ರ ದಶಕದಲ್ಲಿ ಪತ್ರ ಬರೆದ. ಶುರುವಿನಲ್ಲೇ ಅವರನ್ನು ‘ಕ್ರಿಸ್ತ ಯೇಸುವಿನಲ್ಲಿ ಪರಿಶುದ್ಧರಾದವರು, ದೇವಜನರಾಗಲು ಕರೆಯಲ್ಪಟ್ಟವರು’ ಎಂದು ಕರೆಯುತ್ತಾನೆ. ಆಮೇಲೆ ಪತ್ರದ ತುಂಬಾ ಏನಿದೆ?

ಗುಂಪುಗಾರಿಕೆ. ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು (ಅಂದರೆ ಪೇತ್ರನವನು) ಎಂದು ಬೋಧಕರ ಹೆಸರಿನಲ್ಲಿ ಕಿತ್ತಾಟ. ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು. ಒಬ್ಬ ತನ್ನ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದ. ಕರ್ತನ ಭೋಜನಕ್ಕೆ, ಅಂದರೆ ಪರಮಪ್ರಸಾದದ ಊಟಕ್ಕೆ, ಸೇರಿದಾಗ ಕೆಲವರು ಮೊದಲೇ ತಿಂದು ಕುಡಿದು ಅಮಲೇರಿಸಿಕೊಳ್ಳುತ್ತಿದ್ದರು, ಬಡವರು ಹಸಿದುಕೊಂಡೇ ಕೂರುತ್ತಿದ್ದರು. ಇವರನ್ನು ಸಂತರು ಎನ್ನುವುದು ಹೇಗೆ?

ದತ್ತು ತೆಗೆದುಕೊಂಡ ಮಗುವನ್ನು ನೆನೆಸಿಕೊಳ್ಳಿ. ಸಹಿ ಬಿದ್ದ ದಿನವೇ ಅದು ಆ ಮನೆಯ ಮಗು. ಹೆಸರು, ಹಕ್ಕು, ಊಟದ ಜಾಗ ಎಲ್ಲವೂ ಅವತ್ತಿನಿಂದಲೇ. ಮಗು ಮನೆಯ ರೀತಿ ಕಲಿತ ಮೇಲೆ ಮಗ ಅಥವಾ ಮಗಳು ಎಂದು ಒಪ್ಪಿಕೊಳ್ಳುತ್ತೇವೆ ಎಂದು ಯಾರೂ ಹೇಳುವುದಿಲ್ಲ. ಆದರೆ ಕಲಿಯುವುದು ಇದ್ದೇ ಇದೆ, ವರ್ಷಗಟ್ಟಲೆ. ಬಚ್ಚಿಟ್ಟುಕೊಂಡು ತಿನ್ನುವ ಅಭ್ಯಾಸವಿದ್ದರೆ ಅದು ಮೆಲ್ಲಗೆ ಬಿಡಬೇಕು. ಮನೆಯವರು ಬೈಯುವುದೂ ಉಂಟು. ಬೈಯುವಾಗಲೂ ‘ನೀನು ನಮ್ಮ ಮಗು ಅಲ್ವಾ’ ಎಂದೇ ಬೈಯುತ್ತಾರೆ.

ಪೌಲನು ಕೊರಿಂಥದವರನ್ನು ಬೈಯುವುದು ಹಾಗೆಯೇ. ನೀವು ಕೆಟ್ಟವರು, ಹೊರಟುಹೋಗಿ ಎಂದು ಅವನು ಇಡೀ ಸಭೆಗೆ ಹೇಳುವುದಿಲ್ಲ. ತಂದೆಯ ಹೆಂಡತಿಯನ್ನು ಇಟ್ಟುಕೊಂಡವನ ವಿಷಯದಲ್ಲಿ ಮಾತ್ರ ತುಂಬಾ ಕಠಿಣ, ಅವನನ್ನು ನಿಮ್ಮಿಂದ ತೆಗೆದುಹಾಕಿ ಎನ್ನುತ್ತಾನೆ. ಉಳಿದವರಿಗೆ ಅವನ ವಾದ ಇದು: ನೀವು ತೊಳೆಯಲ್ಪಟ್ಟಿದ್ದೀರಿ, ಬೇರೆಯಾಗಿ ಇಡಲ್ಪಟ್ಟಿದ್ದೀರಿ, ಹಾಗಿರುವಾಗ ಹೀಗೆ ನಡೆಯುವುದು ಹೊಂದುತ್ತದಾ? ಹೆಸರು ಮೊದಲು, ನಡತೆ ಅದರ ಹಿಂದೆ.

ದೇವತಾಶಾಸ್ತ್ರದವರು ಇದಕ್ಕೆ ಎರಡು ಪದ ಬಳಸುತ್ತಾರೆ. ದೇವರು ಒಬ್ಬರನ್ನು ಕ್ರಿಸ್ತನ ಮೂಲಕ ನೀತಿವಂತರೆಂದು ಒಪ್ಪಿಕೊಳ್ಳುವುದು ‘ನೀತೀಕರಣ’. ಪವಿತ್ರಾತ್ಮನು ಅವರ ಬದುಕನ್ನು ಒಳಗಿನಿಂದ ಬದಲಾಯಿಸುತ್ತಾ ಹೋಗುವುದು ‘ಪರಿಶುದ್ಧೀಕರಣ’. ದತ್ತು ಪತ್ರಕ್ಕೆ ಬಿದ್ದ ಸಹಿ ಮೊದಲನೆಯದಕ್ಕೆ ಹೋಲಿಕೆ, ಆಮೇಲಿನ ವರ್ಷಗಳು ಎರಡನೆಯದಕ್ಕೆ. ಇವೆರಡರ ಸಂಬಂಧವನ್ನು ಬೇರೆ ಬೇರೆ ಸಭೆಗಳು ಬೇರೆ ಬೇರೆ ರೀತಿ ವಿವರಿಸುತ್ತವೆ. ಕ್ಯಾಥೊಲಿಕರು ಮತ್ತು ಪ್ರಾಟೆಸ್ಟಂಟರು ಬೇರೆಯಾದ 16ನೇ ಶತಮಾನದ ದೊಡ್ಡ ಒಡಕಿನ ನಡುವೆ ಇದ್ದ ಪ್ರಶ್ನೆಗಳಲ್ಲಿ ಇದೂ ಒಂದು.

ಹಾಗಾದರೆ ‘ಸಂತ ಪದವಿ’ ಎಲ್ಲಿಂದ ಬಂತು?

ಮೊದಲ ಶತಮಾನಗಳಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟವರನ್ನು ಸಭೆಗಳು ವಿಶೇಷವಾಗಿ ನೆನೆಯತೊಡಗಿದವು. ಈಗಿನ ಟರ್ಕಿಯಲ್ಲಿರುವ ಸ್ಮುರ್ನದ ಬಿಷಪ್ ಪಾಲಿಕಾರ್ಪ್ 2ನೇ ಶತಮಾನದಲ್ಲಿ ಹೀಗೆ ಸತ್ತಾಗ, ಅಲ್ಲಿಯ ವಿಶ್ವಾಸಿಗಳು ಅವನ ಎಲುಬುಗಳನ್ನು ಜೋಪಾನವಾಗಿಟ್ಟು ಅವನು ಸತ್ತ ದಿನದಂದು ಸೇರುವ ಮಾತಾಡಿದ್ದು ದಾಖಲಾಗಿದೆ. ಆ ದಿನವನ್ನು ಅವರು ಕರೆದದ್ದು ‘ಹುಟ್ಟಿದ ದಿನ’ ಎಂದು. ಮುಂದೆ ರಕ್ತಸಾಕ್ಷಿಗಳ ಜೊತೆಗೆ ಬೇರೆ ಆದರ್ಶ ವಿಶ್ವಾಸಿಗಳೂ ಈ ಸಾಲಿಗೆ ಸೇರಿದರು. ಹೀಗೆ ‘ಸಂತ’ ಎಂಬುದು ನಿಧಾನವಾಗಿ ಕೆಲವರ ಹೆಸರಿನ ಮುಂದೆ ಸೇರುವ ಬಿರುದಾಯಿತು.

ಮೊದಮೊದಲು ಆಯಾ ಊರಿನ ಸಭೆಯೇ ಇದನ್ನು ಒಪ್ಪುತ್ತಿತ್ತು. ಪೋಪ್ ವಿಧಿವತ್ತಾಗಿ ಘೋಷಿಸಿದ್ದಕ್ಕೆ ದಾಖಲೆ ಸಿಗುವ ಮೊದಲ ಸಂತ ಆಗ್ಸ್‌ಬರ್ಗಿನ ಉಲ್ರಿಚ್, 993ರಲ್ಲಿ. ಈಗ ಕ್ಯಾಥೊಲಿಕ್ ಸಭೆಯಲ್ಲಿ ಇದಕ್ಕೆ ಹಂತಗಳಿವೆ. ಸಾಮಾನ್ಯವಾಗಿ ಸತ್ತು 5 ವರ್ಷವಾದ ಮೇಲೆ ವಿಚಾರಣೆ ಶುರು. ಆಗ ‘ದೇವರ ಸೇವಕ’. ಅಸಾಧಾರಣ ಸದ್ಗುಣದ ಬದುಕು ಎಂದು ಖಚಿತವಾದರೆ ‘ಪೂಜ್ಯ’. ಅವರ ಪ್ರಾರ್ಥನೆಯಿಂದ ಒಂದು ಅದ್ಭುತ ನಡೆಯಿತು ಎಂದು ಒಪ್ಪಿದರೆ ‘ಧನ್ಯ’, ಇನ್ನೊಂದು ಅದ್ಭುತಕ್ಕೆ ‘ಸಂತ’. ರಕ್ತಸಾಕ್ಷಿಗಳಿಗೆ ಧನ್ಯರಾಗಲು ಅದ್ಭುತ ಬೇಕಿಲ್ಲ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು, 2003ರಲ್ಲಿ ಧನ್ಯರೆಂದೂ 2016ರ ಸೆಪ್ಟೆಂಬರ್ 4ರಂದು ಸಂತರೆಂದೂ ಘೋಷಿತರಾದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಜಾಸ್ತಿ. ಪೋಪ್ ಒಬ್ಬರನ್ನು ಸಂತರನ್ನಾಗಿ ‘ಮಾಡುತ್ತಾರೆ’ ಎಂದು ಜನ ತಿಳಿಯುತ್ತಾರೆ. ಕ್ಯಾಥೊಲಿಕ್ ಬೋಧನೆ ಹಾಗಿಲ್ಲ. ಈ ವ್ಯಕ್ತಿ ದೇವರ ಸನ್ನಿಧಿಯಲ್ಲಿದ್ದಾರೆ ಎಂದು ಸಭೆ ಗುರುತಿಸಿ ಹೇಳುತ್ತದೆ, ಅಷ್ಟೇ. ಹೆಸರು ಪಟ್ಟಿಗೆ ಸೇರದೆ ಹೋದ ಅಸಂಖ್ಯಾತ ಸಂತರಿದ್ದಾರೆ ಎಂಬುದೂ ಅದೇ ಬೋಧನೆಯ ಭಾಗ. ಪಾಶ್ಚಾತ್ಯ ಸಭೆಗಳಲ್ಲಿ ನವೆಂಬರ್ 1ರ ಸಕಲ ಸಂತರ ಹಬ್ಬ ಅವರೆಲ್ಲರಿಗೂ ಸೇರಿದ್ದು.

ಸಭೆಯಿಂದ ಸಭೆಗೆ

1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯಲ್ಲಿ ಲೂಥರನ್ನರು, ಅಂದರೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರನ ದಾರಿ ಹಿಡಿದವರು, ಒಂದು ವಿಷಯ ಸ್ಪಷ್ಟ ಮಾಡಿದರು: ಸಂತರನ್ನು ನೆನೆಯಿರಿ, ಅವರ ನಂಬಿಕೆಯಿಂದ ಕಲಿಯಿರಿ, ಆದರೆ ಅವರಿಗೆ ಪ್ರಾರ್ಥನೆ ಮಾಡಬೇಡಿ. ಸಭೆ ಎಂದರೆ ಸಂತರ ಸಮೂಹ ಎಂದೂ ಅದೇ ಪ್ರಕಟಣೆ ಹೇಳುತ್ತದೆ. ಅಂದರೆ ಪ್ರಾಟೆಸ್ಟಂಟರು ಪೌಲನ ಹಳೆಯ ಬಳಕೆಗೆ ಹಿಂದಿರುಗಿದರು. ಲೂಥರ್ ವಿಶ್ವಾಸಿಯನ್ನು ‘ಒಂದೇ ಹೊತ್ತಿಗೆ ನೀತಿವಂತನೂ ಪಾಪಿಯೂ’ ಎಂದು ಕಂಡ. 18ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿ ಇಲ್ಲಿಗೇ ನಿಲ್ಲಲಿಲ್ಲ. ದೇವರನ್ನೂ ನೆರೆಯವರನ್ನೂ ಪೂರ್ಣ ಮನಸ್ಸಿನಿಂದ ಪ್ರೀತಿಸುವ ಮಟ್ಟಕ್ಕೆ ಈ ಬದುಕಿನಲ್ಲೇ ಬೆಳೆಯಬಹುದು ಎಂದು ಬೋಧಿಸಿದ.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ‘ಥಿಯೋಸಿಸ್’ ಎಂಬ ಪದ ಬಳಸುತ್ತವೆ. ದೇವರ ಜೀವದಲ್ಲಿ ಪಾಲು ಪಡೆಯುತ್ತಾ ಹೋಗುವುದು ಎಂದು ಅರ್ಥ. ಬೆಂಕಿಯಲ್ಲಿಟ್ಟ ಕಬ್ಬಿಣ ಕೆಂಪಾಗಿ ಹೊಳೆಯುತ್ತದೆ, ಸುಡುತ್ತದೆ, ಆದರೂ ಕಬ್ಬಿಣವಾಗಿಯೇ ಇರುತ್ತದೆ ಎಂಬುದು ಅವರ ಹಳೆಯ ಹೋಲಿಕೆ. ಅವರ ಆರಾಧನೆಯಲ್ಲಿ ನನಗೆ ತುಂಬಾ ಹಿಡಿಸುವ ಒಂದು ಘಳಿಗೆಯಿದೆ. ಪ್ರಸಾದ ಕೊಡುವ ಮೊದಲು ಯಾಜಕರು ‘ಪರಿಶುದ್ಧವಾದವು ಪರಿಶುದ್ಧರಿಗೆ’ ಎಂದು ಕೂಗುತ್ತಾರೆ. ಜನ ಕೊಡುವ ಉತ್ತರ: ‘ಪರಿಶುದ್ಧನು ಒಬ್ಬನೇ, ಕರ್ತನು ಒಬ್ಬನೇ, ಯೇಸು ಕ್ರಿಸ್ತನು.’ ನಿಮ್ಮನ್ನು ಸಂತರು ಎಂದು ಕರೆದರು. ನೀವು ಆ ಹೆಸರನ್ನು ಕ್ರಿಸ್ತನ ಕಡೆಗೆ ತಿರುಗಿಸಿದಿರಿ. ಆಮೇಲೆ ಪ್ರಸಾದಕ್ಕೆ ಮುಂದೆ ಬಂದಿರಿ.

ಕ್ಯಾಥೊಲಿಕ್ ಸಭೆಯೂ 1964ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ಪರಿಶುದ್ಧತೆಗೆ ಕರೆ ಇರುವುದು ಗುರುಗಳಿಗೆ ಮತ್ತು ಕನ್ಯಾಸ್ತ್ರೀಯರಿಗೆ ಮಾತ್ರವಲ್ಲ, ಪ್ರತಿಯೊಬ್ಬರಿಗೂ ಎಂದು ಒತ್ತಿ ಹೇಳಿತು. ಪೋಪ್ ಫ್ರಾನ್ಸಿಸ್ 2018ರ ತಮ್ಮ ಬರಹದಲ್ಲಿ ‘ಪಕ್ಕದ ಮನೆಯ ಸಂತರ’ ಬಗ್ಗೆ ಮಾತಾಡಿದರು. ಮಕ್ಕಳನ್ನು ಪ್ರೀತಿಯಿಂದ ಬೆಳೆಸುವ ತಂದೆತಾಯಿ, ಮನೆ ನಡೆಸಲು ದುಡಿಯುವವರು, ಕಾಯಿಲೆಯವರು ಅವರ ಉದಾಹರಣೆಗಳು.

ದಿನದ ಬದುಕಿನಲ್ಲಿ ಹೇಗೆ ಕಾಣುತ್ತದೆ?

ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಒಂದು ಮಾತಿದೆ. ಕಳ್ಳತನ ಮಾಡುತ್ತಿದ್ದವನು ಇನ್ನು ಮಾಡದಿರಲಿ, ಕೈಯಾರೆ ದುಡಿಯಲಿ, ಕಷ್ಟದಲ್ಲಿರುವವರಿಗೆ ಕೊಡಲು ಅವನ ಹತ್ತಿರ ಏನಾದರೂ ಇರಲಿ. ಕಳ್ಳತನ ನಿಂತರೆ ಸಾಲದು ಎನ್ನುತ್ತದೆ ಇದು. ದುಡಿದು ತಿಂದರೂ ಸಾಲದು. ಇನ್ನೊಬ್ಬರದನ್ನು ಕಸಿಯುತ್ತಿದ್ದ ಅದೇ ಕೈ ಕೊಡುವ ಕೈ ಆಗಬೇಕು. ಹಳೆಯದನ್ನು ಬಿಡುವುದರ ಜೊತೆಗೆ ಅದರ ಜಾಗಕ್ಕೆ ಹೊಸದು ಬರಬೇಕು. ಸುಳ್ಳಿನ ಜಾಗಕ್ಕೆ ನಿಜ, ಕೆಟ್ಟ ಮಾತಿನ ಜಾಗಕ್ಕೆ ಕೇಳುವವರಿಗೆ ಒಳ್ಳೆಯದಾಗುವ ಮಾತು, ಹೊಟ್ಟೆಯಲ್ಲಿಟ್ಟುಕೊಂಡ ಕೋಪದ ಜಾಗಕ್ಕೆ ಕ್ಷಮೆ. ಕೋಪವಿರುವಾಗಲೇ ಸೂರ್ಯ ಮುಳುಗದಿರಲಿ ಎಂಬ ಮಾತೂ ಅಲ್ಲಿಯದೇ.

ಹೀಗಾಗಿ ಸಂತರಾಗಿ ಬಾಳುವುದಕ್ಕೆ ಕಾಡಿಗೋ ಮಠಕ್ಕೋ ಹೋಗಬೇಕಿಲ್ಲ. ಕೆಲವರು ಹೋಗುತ್ತಾರೆ, ಅದೂ ಒಂದು ಕರೆ. ಹೆಚ್ಚಿನವರಿಗೆ ಅದು ನಡೆಯುವುದು ಲೆಕ್ಕದ ಪುಸ್ತಕದಲ್ಲಿ, ಫೋನಿನ ಮೆಸೇಜಿನಲ್ಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತ ರಾತ್ರಿಗಳಲ್ಲಿ. ಎದುರಿಗಿಲ್ಲದವರ ಬಗ್ಗೆ ಅವರ ಬೆನ್ನ ಹಿಂದೆ ಶುರುವಾದ ಮಾತನ್ನು ಅಲ್ಲಿಗೇ ನಿಲ್ಲಿಸುವುದರಲ್ಲಿ.

ಇದೆಲ್ಲ ಬರೀ ಹಟದಿಂದ ಆಗುತ್ತದಾ? ಗಲಾತ್ಯದವರಿಗೆ ಬರೆದ ಪತ್ರ ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ ಮುಂತಾದ 9 ಗುಣಗಳನ್ನು ಹೇಳಿ ಅವನ್ನು ಪವಿತ್ರಾತ್ಮನ ‘ಫಲ’ ಎನ್ನುತ್ತದೆ. ಹಣ್ಣನ್ನು ಯಾರೂ ಕೊಂಬೆಗೆ ಕಟ್ಟುವುದಿಲ್ಲ. ಬೇರಿಗೆ ನೀರು, ಎಲೆಗೆ ಬಿಸಿಲು ಸಿಕ್ಕರೆ ಅದು ಬರುತ್ತದೆ, ತನ್ನ ಸಮಯಕ್ಕೆ. ಪ್ರಾರ್ಥನೆ, ವಾಕ್ಯದ ಓದು, ಕರ್ತನ ಭೋಜನ, ಉಪವಾಸ, ಸಭೆಯ ಒಡನಾಟ ಇವೆಲ್ಲ ಆ ನೀರು ಮತ್ತು ಬಿಸಿಲು. ಹಾಗೆಂದು ಕೈಕಟ್ಟಿ ಕೂರುವುದೂ ಅಲ್ಲ. ಗಿಡವನ್ನು ನೋಡಿಕೊಳ್ಳುವವರಿಗೆ ದಿನವೂ ಕೆಲಸವಿರುತ್ತದೆ.

ಎಡವಿದರೆ?

ಎಡವುತ್ತಾರೆ. ನಮ್ಮಲ್ಲಿ ಪಾಪವಿಲ್ಲ ಎಂದರೆ ನಮ್ಮನ್ನು ನಾವೇ ಮೋಸಪಡಿಸಿಕೊಂಡಂತೆ ಎಂದು ಯೋಹಾನನ ಮೊದಲ ಪತ್ರ ನೇರವಾಗಿ ಹೇಳುತ್ತದೆ. ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎಂದೂ ಹೇಳುತ್ತದೆ. ಕ್ಯಾಥೊಲಿಕರು ಗುರುಗಳ ಮುಂದೆ ಪಾಪನಿವೇದನೆ ಮಾಡುತ್ತಾರೆ. ಹಲವು ಪ್ರಾಟೆಸ್ಟಂಟ್ ಸಭೆಗಳಲ್ಲಿ ಎಲ್ಲರೂ ಸೇರಿ ಆರಾಧನೆಯಲ್ಲಿ ಅರಿಕೆ ಮಾಡುತ್ತಾರೆ. ಸಂತರಾಗಿ ಬಾಳುವವರನ್ನು ಗುರುತಿಸುವುದು ತಪ್ಪೇ ಮಾಡದಿರುವುದರಿಂದ ಎನ್ನುವುದಕ್ಕಿಂತ, ತಪ್ಪನ್ನು ಮುಚ್ಚಿಡದಿರುವುದರಿಂದ ಎನ್ನಬಹುದು. ಮತ್ತು ನೋವಾದವರ ಹತ್ತಿರ ಹೋಗಿ ಸರಿಪಡಿಸುವುದರಿಂದ. ಬರೀ ದೇವರ ಹತ್ತಿರ ಕ್ಷಮೆ ಕೇಳಿ, ಮೋಸ ಹೋದವರ ಹಣ ಮಾತ್ರ ಹಿಂದಿರುಗಿಸದೆ ಇರುವುದಕ್ಕೆ ಬೈಬಲ್ಲಿನಲ್ಲಿ ಎಲ್ಲೂ ಜಾಗವಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನ, ಮೋಸದಿಂದ ತೆಗೆದುಕೊಂಡದ್ದರ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದ.

ಒಬ್ಬರೇ ಆಗುವಂಥದ್ದಲ್ಲ

ಒಬ್ಬಂಟಿ ಪರಿಶುದ್ಧತೆ ಎಂಬುದು ಸುವಾರ್ತೆಗೆ ಹೊಂದುವುದಿಲ್ಲ ಎಂಬುದು ವೆಸ್ಲಿಯ ನಿಲುವು. ಅವನ ಜನರು ಸುಮಾರು ಹನ್ನೆರಡು ಮಂದಿಯ ಗುಂಪುಗಳಲ್ಲಿ ವಾರವಾರ ಸೇರಿ, ನಿನ್ನ ಆತ್ಮ ಹೇಗಿದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಪೌಲನಲ್ಲೂ ಇದೇ ಕಾಣುತ್ತದೆ. ಯೆರೂಸಲೇಮಿನ ಬಡ ದೇವಜನರಿಗಾಗಿ ಅವನು ದೂರದ ಸಭೆಗಳಲ್ಲಿ ಹಣ ಕೂಡಿಸಿದ. ಸಭೆಯ ಸೇವಕಿ ಫೊಯಿಬೆ ರೋಮಾಪುರಕ್ಕೆ ಹೋಗುವಾಗ, ದೇವಜನರಿಗೆ ತಕ್ಕ ಹಾಗೆ ಅವಳನ್ನು ಬರಮಾಡಿಕೊಳ್ಳಿ, ಬೇಕಾದ ಸಹಾಯ ಮಾಡಿ ಎಂದು ಬರೆದ. ಫಿಲೆಮೋನನಿಗೆ ಬರೆದ ಚಿಕ್ಕ ಪತ್ರದಲ್ಲಿ, ನಿನ್ನಿಂದ ದೇವಜನರಿಗೆ ಆದರಣೆಯಾಯಿತು ಎನ್ನುತ್ತಾನೆ. ಗ್ರೀಕಿನಲ್ಲಿರುವ ಪದವನ್ನು ಇದ್ದ ಹಾಗೆ ಹೇಳಿದರೆ, ಅವರ ಕರುಳು ತಂಪಾಯಿತು.

ಹೊರಗಿನವರೂ ಇದನ್ನು ಕಂಡಿದ್ದರು. ಕ್ರಿ.ಶ. 112ರ ಸುಮಾರಿಗೆ ಈಗಿನ ಟರ್ಕಿಯ ಉತ್ತರ ಭಾಗದಲ್ಲಿ ರಾಜ್ಯಪಾಲನಾಗಿದ್ದ ಪ್ಲಿನಿ, ಕ್ರೈಸ್ತರನ್ನು ವಿಚಾರಿಸಿ ಚಕ್ರವರ್ತಿ ಟ್ರಾಜನನಿಗೆ ವರದಿ ಬರೆದ. ಇಬ್ಬರು ದಾಸಿಯರನ್ನು ಹಿಂಸೆ ಕೊಟ್ಟು ಕೇಳಿದ್ದೇನೆ ಎಂದೂ ಬರೆದಿದ್ದಾನೆ. ಅವನಿಗೆ ಸಿಕ್ಕಿದ್ದೇನು? ಇವರು ಗೊತ್ತಾದ ದಿನ ಬೆಳಕು ಹರಿಯುವ ಮೊದಲು ಸೇರಿ ಕ್ರಿಸ್ತನಿಗೆ ಹಾಡುತ್ತಾರೆ. ಕದಿಯುವುದಿಲ್ಲ, ದರೋಡೆ ಮಾಡುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತು ಮುರಿಯುವುದಿಲ್ಲ, ನಂಬಿ ಇಟ್ಟ ಹಣವನ್ನು ಕೇಳಿದಾಗ ಇಲ್ಲ ಎನ್ನುವುದಿಲ್ಲ ಎಂದು ಆಣೆ ಮಾಡುತ್ತಾರೆ. 4ನೇ ಶತಮಾನದಲ್ಲಿ ಕ್ರೈಸ್ತರನ್ನು ವಿರೋಧಿಸಿದ ಚಕ್ರವರ್ತಿ ಜೂಲಿಯನ್ ತನ್ನ ಕಡೆಯ ಅರ್ಚಕನಿಗೆ ಬೇಸರದಿಂದ ಬರೆದ: ಅವರು ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ.

ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ಪೌಲ ಸೆರೆಯಲ್ಲಿದ್ದುಕೊಂಡು ಮುಗಿಸುವಾಗ, ಎಲ್ಲಾ ದೇವಜನರು ನಿಮಗೆ ವಂದನೆ ಹೇಳುತ್ತಾರೆ ಎನ್ನುತ್ತಾನೆ. ಅದರಲ್ಲೂ ವಿಶೇಷವಾಗಿ ಕೈಸರನ ಮನೆಗೆ ಸೇರಿದವರು. ಅಂದರೆ ಚಕ್ರವರ್ತಿಯ ಆಡಳಿತಕ್ಕೆ ಸೇರಿದ ದಾಸರು, ಬಿಡುಗಡೆಯಾದ ದಾಸರು, ಲೆಕ್ಕ ಬರೆಯುವವರು, ಅಡುಗೆಯವರು ಇರಬಹುದು. ಒಬ್ಬರ ಹೆಸರನ್ನೂ ಅವನು ಬರೆದಿಲ್ಲ. ವಂದನೆ ಕಳಿಸಿ ಅವರು ತಮ್ಮ ಕೆಲಸಕ್ಕೆ ಹಿಂದಿರುಗಿರಬೇಕು, ಅದೇ ಕೈಸರನ ಮನೆಗೆ.